ತೊಗಲಿನ ವಾಲು

ಸಮುದ್ರ ನಮ್ಮ ಕಡೆ ಇಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರದ ಮಂದಿಗೆ ನೀರಂದ್ರ ಬಾವಿ. ಬಾವಿ ಬತ್ತಿದರ ಮುಗಿಲು. ಹಂಗಿದ್ದೂ ನಾವಿಲ್ಲಿ ಹಡಗಿನ ಹಳೇ ಎಂಜಿನ್ನಿನ ಮಾತೆತ್ತುತ್ತೇವೆ. ಯಾಕಂದ್ರ ಆ ಎಂಜಿನ್ನಿಗೂ ನಮ್ಮ ಕೇರಿಯ ಕಸುಬಿಗೂ ಒಂದು ನೆಂಟಸ್ತಿಕೆ ಇದೆ.

ಉಗಿ ಹಡಗಿನಲ್ಲಿ ದುಡಿದು ಬಂದ ಉಗಿಯನ್ನು ತಣಿಸಿ ನೀರು ಮಾಡುತ್ತಾರೆ. ಆ ನೀರನ್ನೂ ಸಂಗಡ ಸೇರಿದ ಗಾಳಿಯನ್ನೂ ಹೊರಗೆಳೆಯಲು ಒಂದು ಪಂಪು. ಹಳೇ ಪಂಪಿಗೆ ಮೂರು ಕಡೆ ವಾಲು: ಬುಡಕ್ಕೆ, ಏರಿಳಿಯುವ ಬಕೆಟ್ಟಿಗೆ, ತಲೆಗೆ. ಒಳಗಿನ ಒತ್ತಡವೋ ಬಹಳ ಕಡಿಮೆ. ಬುಡದ ವಾಲು ಎತ್ತಲಿಕ್ಕೂ ಅದಕ್ಕೆ ತ್ರಾಣ ಸಾಲದು. ಗಾಳಿ ಒಳಗೇ ಉಳಿದರೆ ಎಂಜಿನ್ನಿನ ಕಸುವು ಕುಗ್ಗುತ್ತದೆ. ಎಡ್ವರ್ಡ್ಸ್ ಪಂಪು ಎಂಬುದು ಬುಡದ ವಾಲನ್ನೂ ಬಕೆಟ್ಟಿನ ವಾಲನ್ನೂ ಕಿತ್ತೇ ಹಾಕಿತು. ಅದರ ಬಕೆಟ್ಟಿನ ತಳ ಚೂಪು. ಅದು ಇಳಿದು ಬಡಿದಾಗ ನೀರು ಪಕ್ಕದ ಕಿಂಡಿಗಳಿಂದ ಬಕೆಟ್ಟಿನ ಮೇಲೆ ಚಿಮ್ಮುತ್ತದೆ. ಬಕೆಟ್ಟು ಏರುವಾಗ ಕಿಂಡಿಗಳನ್ನು ತಾನೇ ಮುಚ್ಚಿ, ನೀರು-ಗಾಳಿ ಎರಡನ್ನೂ ತಲೆಯ ವಾಲಿನಿಂದ ಹೊರದಬ್ಬುತ್ತದೆ. ವಾಲಿನ ಕೆಲಸವನ್ನು ಆಕಾರವೇ ಮಾಡಿತು.

ಇದನ್ನು ಓದಿದಾಗ ನಮಗೆ ಮುತ್ಯಾನ ಕಪಿಲಿ ನೆನಪಾಯಿತು. ತೊಗಲಿನ ಚೀಲ, ಅದರ ಬುಡಕ್ಕೆ ಆನೆ ಸೊಂಡಿಲಿನಂಥ ತೊಗಲಿನ ಕೊಳವೆ. ಎರಡು ಹಗ್ಗ, ಮೇಲೊಂದು ಗಾಲಿ, ಕೆಳಗೊಂದು ಉರುಳಿ. ಬಾವಿಯೊಳಗೆ ಸೊಂಡಿಲು ಮಡಚಿ ಮೇಲ್ಮುಖವಾಗಿ ನಿಲ್ಲುತ್ತದೆ. ಹನಿ ನೀರೂ ಸೋರದು. ಚೀಲ ದಂಡೆ ಮುಟ್ಟಿದ ಕೂಡಲೇ ಸೊಂಡಿಲು ಉರುಳಿಯ ಮೇಲೆ ಹಾದು ಚಾಚಿಕೊಂಡು ನೀರು ಕಕ್ಕುತ್ತದೆ. ವಾಲಿಲ್ಲದ ವಾಲು! "ಹೊಲಿಗಿ ಒಂದೆಳಿ ತಪ್ಪಿದ್ರ ಎತ್ತಿನ ದುಡಿಮಿ ಎಲ್ಲಾ ಬಾವಿ ಪಾಲು ನೋಡಪಾ" ಅಂತಿದ್ದ ಮುತ್ಯಾ.

1712ರಲ್ಲಿ ಇಂಗ್ಲೆಂಡಿನ ನ್ಯೂಕಮೆನ್ ಗಣಿಯ ನೀರೆತ್ತಲು ಕಟ್ಟಿದ ಉಗಿ ಎಂಜಿನ್ನಿನ ಪಿಸ್ಟನ್ನಿಗೂ ತೊಗಲೇ ಬಿಗಿ. ಅಂದಮೇಲೆ ಯಂತ್ರಯುಗ ತೊಗಲನ್ನು ಮುಟ್ಟದೇ ಹುಟ್ಟಲಿಲ್ಲ.

ಆದರೆ ಗೆಳೆಯರೆ, ಮುತ್ಯಾ ಹೊಲಿದ ಚೀಲ ಊರ ಗೌಡರ ಬಾವಿಗೆ ದಿನಕ್ಕೆ ನೂರು ಸಲ ಇಳಿಯಿತು. ಬಾವಿ ಮೈಲಿಗೆಯಾಗಲಿಲ್ಲ. ಹೊಲಿದ ಕೈ ಮಾತ್ರ ದಂಡೆಯಿಂದ ದೂರ ನಿಂತು, ಯಾರಾದರೂ ಮೇಲಿಂದ ಸುರಿಯಲಿ ಎಂದು ಬೊಗಸೆಯೊಡ್ಡಿತು. ಸತ್ತ ಎತ್ತಿನ ತೊಗಲಿಗಿದ್ದ ಹಕ್ಕು ಬದುಕಿದ ಮನುಷ್ಯನಿಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಎತ್ತಿದ್ದು ಈ ಲೆಕ್ಕ ಚುಕ್ತಾ ಮಾಡಲಿಕ್ಕೇ.

ಆಮೇಲೆ ಆಯಿಲ್ ಎಂಜಿನ್ ಬಂತು, ಕರೆಂಟು ಬಂತು. ಕಪಿಲಿ ಅಟ್ಟ ಸೇರಿತು. ಮುತ್ಯಾನ ಆರಿಗೆ ಕೆಲಸ ಉಳಿಯಲಿಲ್ಲ. ಎಡ್ವರ್ಡ್ಸನ ಹೆಸರು ಪಂಪಿನ ಮೇಲೆ ಉಳಿಯಿತು. ಸೊಂಡಿಲನ್ನು ಮೊದಲು ಮಡಚಿದವನ ಹೆಸರು ಯಾವ ಪುಸ್ತಕದಲ್ಲಿದೆ?

ಈಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆ ನಮ್ಮ ಎರೆನೆಲಕ್ಕೆ ಏರಿ ಬಂದಿದ್ದಾಳೆ. ಬರಲಿ, ಸಂತೋಷ. ಆದರೆ ಹೊಲವೇ ಇಲ್ಲದವರ ಕಡೆಗೆ ಅವಳ ವಾಲು ತೆರೆಯುವುದು ಯಾವಾಗ? ಡಿಗ್ರಿ ಓದಿದ ನಾವು ಇನ್ನು ಬೊಗಸೆ ಒಡ್ಡುವುದಿಲ್ಲ. ವಾಲಿನ ಚಾವಿ ಕೇಳುತ್ತೇವೆ.