ಕಡ್ಲಿ ಬೀಜಕ್ಕ ಜಿಬ್ಬರೆಲಿಕ್ ಆಮ್ಲ ಬೇಕೇನ್ರಿ?

ಮೂಡಲಗಿ, ಹುಕ್ಕೇರಿ ಕಡೆಯವರು ಭಾಳ ಮಂದಿ ಇದನ್ನೇ ಕೇಳಾಕತ್ತೀರಿ. ನಮ್ಮ ಹೊಲದಾಗ ಎರಡು ಸಾಲು 20 ಪಿಪಿಎಂ ದ್ರಾವಣದಾಗ, ಎರಡು ಸಾಲು ಬರೇ ನೀರಾಗ ನೆನಸಿ ಬಿತ್ತಿ ನೋಡೇನಿ. ಔಷಧದ ಸಾಲು ಒಂದು ದಿನ ಮೊದಲ ಎದ್ದು, ಎತ್ತರಾನೂ ಆದ್ವು ಖರೆ. ಆದರ ದಂಟು ಸಣ್ಣ, ಎಲಿ ತಿಳಿ. ಎರಿ ಹೊಲದಾಗ ಹಸಿ ದಿನಾ ಕೆಳಗ ಇಳೀತೈತಿ, ಅದರ ಬೆನ್ನಹತ್ತಿ ಬೇರು ಇಳೀಬೇಕು. ಮ್ಯಾಲಿನ ಎತ್ತರ ತಗೊಂಡು ಏನ್ ಮಾಡೂದು? ಜಪಾನದಾಗ 1926ರಾಗ ಈ ಚೋದಕದ ಸುಳಿವು ಸಿಕ್ಕಿದ್ದೂ ಭತ್ತದ ಸಸಿ ಉದ್ದುದ್ದ ಬೆಳೆದು ಬೀಳೋ ರೋಗದಿಂದನ.

ಬಾಟ್ಲಿ ಓದ್ರಿ. 0.001% ಅಂತ ಇದ್ದರ ಅದು ಬರೇ 10 ಪಿಪಿಎಂ, ಲೀಟರಿಗೆ 10 ಮಿಲಿಗ್ರಾಂ. ಅದಕ್ಕ ಕೊಡ ನೀರು ಸುರಿದರ ಬೀಜ ನೆನಿಯೂದು ನೀರಾಗನ.

ನಾ ಈ ಹಿಂಗಾರಿಗೆ ರಾತ್ರಿ ನೀರಾಗ ನೆನಸಿ, ನೆರಳಾಗ ಆರಿಸಿ, ರೈಜೋಬಿಯಂ ಹಚ್ಚಿ ಬಿತ್ತಾಂವ. ಸೋಯಾ ಮಾತ್ರ ನೆನಸಬ್ಯಾಡ್ರಿ; ಸಿಪ್ಪಿ ತೆಳು, ಬೀಜ ಒಡೀತೈತಿ.