ಸೆಲ್ ಮುಟ್ಟಿದ್ದು ಯಾರು?

ವಿಷುಯಲ್ ಬೇಸಿಕ್ 6ರ (ವಿಬಿ6) ಎಂಎಸ್‌ಫ್ಲೆಕ್ಸ್‌ಗ್ರಿಡ್‌ನಲ್ಲಿ ನೇರವಾಗಿ ಟೈಪ್ ಮಾಡಲು ಬರುತ್ತಿರಲಿಲ್ಲ. ಕೋಷ್ಟಕ ತೋರಿಸುವುದಷ್ಟೇ ಅದರ ಕಸುಬು. 2000ದಲ್ಲಿ ಕಾಲೇಜೊಂದಕ್ಕೆ ಅಂಕ ತುಂಬುವ ಪ್ರೋಗ್ರಾಂ ಬರೆಯುವಾಗ, ಎಲ್ಲರೂ ಆಡುತ್ತಿದ್ದ ಕಳ್ಳಾಟವನ್ನೇ ನಾನೂ ಆಡಿದೆ. ಅಂಚಿಲ್ಲದ ಒಂದು ಟೆಕ್ಸ್ಟ್‌ಬಾಕ್ಸನ್ನು ಬಚ್ಚಿಟ್ಟುಕೊಂಡಿದ್ದು, ಸೆಲ್ ಮೇಲೆ ಕ್ಲಿಕ್ ಬಿದ್ದೊಡನೆ ಸೆಲ್‌ಲೆಫ್ಟ್, ಸೆಲ್‌ಟಾಪ್ ಅಳತೆ ಹಿಡಿದು ಅದರ ನೆತ್ತಿಯ ಮೇಲೆ ಕೂರಿಸುವುದು. ಎಂಟರ್ ಒತ್ತಿದರೆ ಬರೆದದ್ದು ಕೆಳಗಿನ ಸೆಲ್ಲಿಗೆ ಇಳಿಯುತ್ತಿತ್ತು. ಸ್ಕ್ರೋಲ್ ಪಟ್ಟಿ ಎಳೆದರೆ ಮಾತ್ರ ಸಾಲುಗಳು ಮೇಲೆ ಸರಿದು, ಡಬ್ಬಿ ನಿಂತಲ್ಲೇ ನಿಂತು, ಒಬ್ಬ ಹುಡುಗನ ಅಂಕ ಇನ್ನೊಬ್ಬನ ಹೆಸರಿನ ಎದುರು ಕಾಣುತ್ತಿತ್ತು. ಸ್ಕ್ರೋಲ್ ಈವೆಂಟಿನಲ್ಲಿ ಡಬ್ಬಿಯನ್ನು ಮರೆಮಾಡಬೇಕೆಂದು ಹೊಳೆಯಲು ನನಗೆ ಒಂದು ವಾರ ಹಿಡಿಯಿತು.

ಆದರೂ ಡಬ್ಬಿ ನನ್ನದು, ಇಳಿಸುವವನೂ ನಾನೇ. ಅಂಕ ಬದಲಾದದ್ದು ಯಾರಿಂದ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಈಗ ಅದೇ ಬಗೆಯ ಕೆಲಸಕ್ಕೆ ಪೈಥಾನಿನ ಪೈಕ್ಯೂಟಿ5. ಕ್ಯೂಟೇಬಲ್‌ವಿಜೆಟ್‌ನಲ್ಲಿ ಎರಡು ಸಲ ಕ್ಲಿಕ್ಕಿಸಿದರೆ ಸೆಲ್ ತಾನೇ ತೆರೆದುಕೊಳ್ಳುತ್ತದೆ. ಬರೆದು ಮುಗಿಸಿದೊಡನೆ ಸೆಲ್‌ಚೇಂಜ್ಡ್ ಸಿಗ್ನಲ್ ನನ್ನ ಫಂಕ್ಷನ್ನನ್ನು ಕರೆಯುತ್ತದೆ. ಕೈಗಿಡುವುದು ಸಾಲಿನ ಸಂಖ್ಯೆ, ಕಾಲಮ್ಮಿನ ಸಂಖ್ಯೆ, ಅಷ್ಟೇ. ಹಳೆಯ ಅಂಕ ಎಷ್ಟಿತ್ತು? ಹೋಯಿತು. (ಮ್ಯಾಟ್‌ಲ್ಯಾಬಿನ ಯುಐಟೇಬಲ್ ಈ ವಿಷಯದಲ್ಲಿ ಸಭ್ಯ. ಹಳೆಯದು, ಟೈಪಿಸಿದ್ದು, ಹೊಸದು, ಮೂರನ್ನೂ ಕಾಲ್‌ಬ್ಯಾಕಿಗೆ ಒಪ್ಪಿಸುತ್ತದೆ. ಕೋಡು ಡೇಟಾ ಬದಲಿಸಿದರೆ ಸುಮ್ಮನಿರುತ್ತದೆ.) ಕ್ಯೂಟಿಯ ಈ ಸಿಗ್ನಲ್ಲಿಗೆ ಮನುಷ್ಯ ತಿದ್ದಿದ್ದೂ ಒಂದೇ, ಕೋಡು ತಿದ್ದಿದ್ದೂ ಒಂದೇ. ಫೈಲಿನಿಂದ 60 ಸಾಲು ತುಂಬಿಸಿದರೆ ಸೆಲ್ಲಿಗೊಂದು ಕೂಗು. ತಪ್ಪು ಅಂಕಕ್ಕೆ ಕೆಂಪು ಬಳಿಯೋಣವೆಂದು ಫಂಕ್ಷನ್ನಿನೊಳಗೇ ಹಿನ್ನೆಲೆ ಬಣ್ಣ ಬದಲಿಸಿದೆ. ಬಣ್ಣವೂ ಬದಲಾವಣೆಯೇ ಅಲ್ಲವೇ, ಫಂಕ್ಷನ್ನಿಗೆ ಮತ್ತೆ ಕರೆ ಬಂತು. ಅದು ಬರೆದಿಡುವ ತಿದ್ದುಪಡಿಗಳ ದಾಖಲೆಯಲ್ಲಿ ಒಂದೇ ತಪ್ಪು ಎರಡೆರಡು ಸಲ. ಕೊನೆಗೆ ಬ್ಲಾಕ್‌ಸಿಗ್ನಲ್ಸ್ ಹಾಕಿ ಕೋಷ್ಟಕದ ಬಾಯಿ ಕಟ್ಟಿ, ಬಣ್ಣ ಬಳಿದು, ಮತ್ತೆ ಬಿಚ್ಚಿದೆ. ಬಿಚ್ಚಲು ಮರೆತ ದಿನ ಯಾರು ಏನು ತಿದ್ದಿದರೂ ದಾಖಲಾಗಲಿಲ್ಲ.

ಅಂಕ ತುಂಬುವವರ ಬೆರಳು ಬದಲಾಗಿಲ್ಲ. ಅಂದೂ 40 ಹೊಡೆಯುವಾಗ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ 'ಓ' ಬೀಳುತ್ತಿತ್ತು. ವಿಬಿಯ ವ್ಯಾಲ್ ಫಂಕ್ಷನ್ ಅಕ್ಷರ ಕಂಡಲ್ಲಿ ಓದು ನಿಲ್ಲಿಸಿ, ತುಟಿಪಿಟಕ್ಕೆನ್ನದೆ 4 ಕೊಡುತ್ತಿತ್ತು, ಹುಡುಗ ಫೇಲು. ಪೈಥಾನಿನ ಇಂಟ್ ಇಂಥದ್ದಕ್ಕೆ ದೋಷ ಎಸೆಯುತ್ತದೆ. ಅದನ್ನು ನಾನು ಹಿಡಿಯದಿದ್ದರೆ ಪೈಕ್ಯೂಟಿ5 ಇಡೀ ಪ್ರೋಗ್ರಾಮನ್ನೇ ಮುಚ್ಚಿಬಿಡುತ್ತದೆ, ಉಳಿಸದ ಅಂಕಗಳ ಸಮೇತ. ಮೊನ್ನೆ ಒಬ್ಬರು ಕನ್ನಡ ಕೀಲಿಮಣೆ ಬದಲಿಸಲು ಮರೆತು ೪೦ ಎಂದೇ ಹೊಡೆದಿದ್ದರು. ಇಂಟ್ ತಕರಾರು ಮಾಡದೆ 40 ಎಂದು ತೆಗೆದುಕೊಂಡಿತು.