ಬಣ್ಣ ಕಾಣದ ಸಂವಿಧಾನ ಯಾರದು?

ಸಂವಿಧಾನಕ್ಕೆ ಬಣ್ಣ ಕಾಣಬಾರದು ಅಂತಾರೆ ಅಮೆರಿಕದ ಕೆಲವು ಪಂಡಿತರು. ಕೇಳೋಕೆ ಸೊಗಸಾಗಿದೆ. ಜಾತಿ ನೋಡಬೇಡಿ, ಪ್ರತಿಭೆ ನೋಡಿ ಅನ್ನುವ ಮಾತು ಕೇಳುತ್ತಲೇ ಬೆಳೆದವರು ನಾವು. ಅದಕ್ಕೇ ಇಂಥ ಮಾತನ್ನು ಯಾರು, ಯಾವಾಗ, ಯಾರಿಗೆ ಹೇಳುತ್ತಾರೆ ಅಂತ ಕೇಳುವುದು ನಮಗೆ ರೂಢಿ.

ಈ ಮಾತು ಹೆಸರಾದದ್ದು 1896ರಲ್ಲಿ. ಲೂಸಿಯಾನಾದ ರೈಲಿನಲ್ಲಿ ಬಿಳಿಯರಿಗೊಂದು ಡಬ್ಬಿ, ಕಪ್ಪು ಜನಕ್ಕೊಂದು ಡಬ್ಬಿ. ಇದು ಸರಿ ಎಂದಿತು ಸುಪ್ರೀಂ ಕೋರ್ಟು. ಹಾರ್ಲನ್ ಎಂಬ ನ್ಯಾಯಮೂರ್ತಿ ಒಬ್ಬರೇ ಒಪ್ಪಲಿಲ್ಲ. ನಮ್ಮ ಸಂವಿಧಾನಕ್ಕೆ ಬಣ್ಣ ಕಾಣದು ಎಂದು ಬರೆದರು. ಗೋಡೆ ಕೆಡವಲು ಎತ್ತಿದ ಹಾರೆ ಅದು. ಆದರೆ ಅದೇ ಬರಹದಲ್ಲಿ, ಸಂಪತ್ತು ಅಧಿಕಾರಗಳಲ್ಲಿ ಬಿಳಿಯರೇ ಮೇಲೆ, ಮುಂದೆಯೂ ಹಾಗೇ ಎಂಬ ನಂಬಿಕೆಯನ್ನೂ ಅವರು ಬರೆದಿದ್ದರು. ಕಾನೂನಿಗೆ ಬಣ್ಣ ಕಾಣದಿದ್ದರೂ ಗದ್ದುಗೆ ಎಲ್ಲೂ ಹೋಗದು ಅನ್ನುವ ಧೈರ್ಯ!

2023ರ ಜೂನ್ 29ರಂದು ಅದೇ ಹಾರೆ ಮತ್ತೆ ಎದ್ದಿತು, ಈ ಸಲ ಏಣಿ ಕೆಡವಲು. ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳು ಪ್ರವೇಶ ಕೊಡುವಾಗ ಜನಾಂಗವನ್ನು ಎಣಿಸಕೂಡದು ಎಂದಿತು ಕೋರ್ಟು. ಇನ್ನೂರಕ್ಕೂ ಹೆಚ್ಚು ಪುಟದ ಆ ತೀರ್ಪನ್ನು ನಾವು ಕೆಲವು ಮೇಷ್ಟ್ರುಗಳು, ಹುಡುಗರು ಸೇರಿ ಪದಕೋಶ ಇಟ್ಟುಕೊಂಡು ಓದಿದೆವು. ಅಲ್ಲಿ ನಮ್ಮಂಥ ಮೀಸಲಾತಿ ಇರಲೇ ಇಲ್ಲ. ಸೀಟು ಎತ್ತಿಡುವುದನ್ನು 1978ರ ಬಕ್ಕಿ ತೀರ್ಪೇ ತಳ್ಳಿಹಾಕಿತ್ತು. ಉಳಿದಿದ್ದದ್ದು ಒಂದಿಷ್ಟು ಪರಿಗಣನೆ. ಅದೂ ಹೋಯಿತು.

ಜಗಳ ಇರುವುದು 1868ರಲ್ಲಿ ಜಾರಿಗೆ ಬಂದ 14ನೆಯ ತಿದ್ದುಪಡಿಯ ಮೇಲೆ. ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಅನ್ನುತ್ತದೆ ಅದು. ಬರೆದವರ ಕಾಲದ ಅರ್ಥವೇ ಅರ್ಥ, ಆ ಅರ್ಥ ಬಣ್ಣ ನೋಡದ ಸಮಾನತೆ ಎಂದರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಅವರೂ ಕಪ್ಪು ಜನಾಂಗದವರೇ. ನ್ಯಾಯಮೂರ್ತಿ ಸೋಟೊಮೇಯರ್ ಒಪ್ಪಲಿಲ್ಲ. 1866ರಲ್ಲಿ ಈ ತಿದ್ದುಪಡಿಗೆ ಮತ ಹಾಕಿದ ಸಂಸತ್ತೇ ಅದೇ ವರ್ಷ ಬಿಡುಗಡೆಯಾದ ಗುಲಾಮರಿಗೆ ನೆರವು, ಶಾಲೆ ಒದಗಿಸುವ ಕಾಯಿದೆಯನ್ನು ಅಧ್ಯಕ್ಷ ಜಾನ್ಸನ್ನರ ವೀಟೋ ಮೀರಿ ಮಾಡಿತ್ತಲ್ಲ? ಅದು ಬಿಡುಗಡೆಯಾದವರಿಗೆ, ಬಣ್ಣಕ್ಕಲ್ಲ ಎಂಬುದು ಥಾಮಸರ ವಾದ. ಬಾಸುಂಡೆ ಎದ್ದ ಬೆನ್ನಿಗೆ ಬಣ್ಣವಿರಲಿಲ್ಲವೇ ಸ್ವಾಮಿ?

ಏಷ್ಯಾ ಮೂಲದ ಮಕ್ಕಳು ಓದಿನಲ್ಲಿ ಮುಂದಿದ್ದರೂ ವ್ಯಕ್ತಿತ್ವದ ಅಂಕದಲ್ಲಿ ಹಿಂದೆ ಬಿದ್ದರು ಅನ್ನುವ ದೂರೂ ಈ ಮೊಕದ್ದಮೆಯಲ್ಲಿತ್ತು. ಅದನ್ನು ನಾವು ಹಗುರಾಗಿ ಕಾಣಲಾರೆವು. ಆದರೆ ಫಿರ್ಯಾದಿಯ ಪರವಾಗಿ ಸಾಕ್ಷಿ ಹೇಳಿದ ಅರ್ಥಶಾಸ್ತ್ರಜ್ಞ ಪೀಟರ್ ಆರ್ಸಿಡಿಯಾಕೊನೊ ಸಂಗಡಿಗರೊಂದಿಗೆ 2019ರಲ್ಲಿ ಕೊಟ್ಟ ಲೆಕ್ಕ ನೋಡಿ. ಹಾರ್ವರ್ಡಿನಲ್ಲಿ ಸೀಟು ಸಿಕ್ಕ ಬಿಳಿಯರಲ್ಲಿ ಶೇ. 43ಕ್ಕೂ ಹೆಚ್ಚು ಮಂದಿ ಆಟಗಾರರು, ಹಳೆ ವಿದ್ಯಾರ್ಥಿಗಳ ಮಕ್ಕಳು, ಡೀನರ ವಿಶೇಷ ಪಟ್ಟಿಯವರು, ಇಲ್ಲವೇ ಅಧ್ಯಾಪಕರು ನೌಕರರ ಮಕ್ಕಳು. ಕಪ್ಪು ಮಕ್ಕಳಲ್ಲಿ, ಏಷ್ಯಾದವರಲ್ಲಿ ಇಂಥವರು ಶೇ. 16ಕ್ಕಿಂತ ಕಡಿಮೆ. ಈ ಹಿತ್ತಲ ಬಾಗಿಲನ್ನು ತೀರ್ಪು ಮುಚ್ಚಲಿಲ್ಲ. ಮಗುವಿನ ಬಣ್ಣ ಎಣಿಸಬಾರದು, ಅಪ್ಪನ ಪದವಿ ಎಣಿಸಬಹುದು!

ನಮ್ಮಲ್ಲೂ 1951ರಲ್ಲಿ ಮದ್ರಾಸಿನ ಜಾತಿವಾರು ಸೀಟು ಹಂಚಿಕೆಯನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತ್ತು. ಅದೇ ವರ್ಷ, ಬಾಬಾಸಾಹೇಬರು ಕಾನೂನು ಮಂತ್ರಿಯಾಗಿದ್ದಾಗ, ಸಂಸತ್ತು 15(4)ನೆಯ ವಿಧಿ ಸೇರಿಸಿತು. ಹಿಂದುಳಿದವರಿಗೆ ವಿಶೇಷ ಏರ್ಪಾಟು ಸಮಾನತೆಗೆ ವಿರುದ್ಧವಲ್ಲ ಎಂದು ಬರೆದೇ ಇಟ್ಟರು. ಅಮೆರಿಕದ ಸಂವಿಧಾನದಲ್ಲಿ ಆ ಸಾಲಿಲ್ಲ. ಬರೆಯದ ಸಾಲನ್ನು ಅರ್ಥ ಹೇಳುವವರ ಮರ್ಜಿಗೆ ಬಿಟ್ಟರೆ ಏನಾಗುತ್ತದೆ? 2024ರಲ್ಲಿ ಎಂಐಟಿ ಸೇರಿದ ಹೊಸಬರಲ್ಲಿ ಕಪ್ಪು ಮಕ್ಕಳು ಶೇ. 5. ಹಿಂದಿನ ವರ್ಷಗಳ ಸರಾಸರಿ ಶೇ. 13 ಇತ್ತು. ಇದು ಬಣ್ಣ ನೋಡದೆ ಎಣಿಸಿದ ಲೆಕ್ಕವಲ್ಲ, ಗೆಳೆಯರೇ. ನೋಡಿದ್ದಕ್ಕೇ ಕಂಡ ಲೆಕ್ಕ.